ಕಾಲು ಊರಬೇಕು, ಕೀಳಲೂ ಬೇಕು: ಬಿಳಿ ರಕ್ತಕಣದ ನಡಿಗೆ

ಗದಗ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ನನ್ನ ಕ್ಲಿನಿಕ್‌ಗೆ ಬಂದಿದ್ದರು. ಕಳೆ ತೆಗೆಯುವಾಗ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿ, ತುದಿ ಒಳಗೇ ಮುರಿದಿತ್ತು. ನಾಲ್ಕು ದಿನ ಅರಿಶಿನ ಹಚ್ಚಿ ನೋಡಿದ್ದರು. ಪಾದ ಬಾತು ಕೆಂಪಾಗಿತ್ತು. ಮಗನ ಕಣ್ಣು ಮಾತ್ರ ರಕ್ತದ ರಿಪೋರ್ಟ್ ಮೇಲೆ. ಬಿಳಿ ರಕ್ತಕಣ 15,200.

"ಇಷ್ಟ ಜಾಸ್ತಿ ಆಗ್ಯಾವಲ್ರೀ ಸರ, ರಕ್ತದಾಗ ಏನರ ದೊಡ್ಡ ರೋಗ ಐತೇನ್ರಿ?"

ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 4,000ದಿಂದ 11,000 ಇದ್ದರೆ ಸರಿ. ಸೋಂಕು ಆದಾಗ ಮೂಳೆಮಜ್ಜೆ ಹೆಚ್ಚು ಕಣಗಳನ್ನು ಕಳಿಸುತ್ತದೆ, ಅದಕ್ಕೇ ಈ ಏರಿಕೆ. ಆದರೆ ನಾವು ಎಣಿಸಿದ್ದು ತೋಳಿನ ರಕ್ತದಲ್ಲಿ ತೇಲುತ್ತಿದ್ದ ಕಣಗಳನ್ನು. ಕೆಲಸ ಇರುವುದು ಅಂಗಾಲಿನಲ್ಲಿ. ನಾಳದಿಂದ ಮುಳ್ಳಿನ ತನಕ ಅವು ನಡೆದೇ ಹೋಗಬೇಕು.

ಹೌದು, ನಡೆದೇ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ನಾಳದ ಗೋಡೆಯ ಮೇಲೆ ಉರುಳುತ್ತಾ ಬಂದು ಗಟ್ಟಿಯಾಗಿ ಅಂಟುತ್ತದೆ. ಆಮೇಲೆ ಸಂದಿಯಲ್ಲಿ ನುಸುಳಿ ಆಚೆ ಬರುತ್ತದೆ. ಅಂಟುವ ಪ್ರೋಟೀನ್ ಇಂಟೆಗ್ರಿನ್. ಅದನ್ನು ಕಣದೊಳಗಿನ ಆಕ್ಟಿನ್ ಎಳೆಗಳಿಗೆ ಕಟ್ಟಿ ಹಿಡಿಯುವುದು ಟ್ಯಾಲಿನ್.

ಮಳೆಯಾದ ಮೇಲೆ ಎರಿ ಹೊಲದಲ್ಲಿ ನಡೆದಿದ್ದೀರಲ್ವಾ? ಕಾಲು ಊರುವುದು ಕಷ್ಟವಲ್ಲ, ಕೀಳುವುದೇ ಕಷ್ಟ. ಬಿಳಿ ಕಣದ ಪಾಡೂ ಅದೇ. ಹಿಡಿತ ಬಿಡದಿದ್ದರೆ ಮುಂದಿನ ಹೆಜ್ಜೆ ಇಲ್ಲ.

ಆ ಹಿಡಿತ ಸಡಿಲಿಸುವುದರಲ್ಲಿ ಮಿಥೈಲೇಶನ್‌ಗೆ, ಅಂದರೆ ಮಿಥೈಲ್ ಗುಂಪು ಅಂಟಿಸುವ ಕ್ರಿಯೆಗೆ, ಪಾತ್ರವಿದೆ. ಒಂದು ಕಾರ್ಬನ್, ಮೂರು ಹೈಡ್ರೋಜನ್, ಮಿಥೈಲ್ ಗುಂಪು ಎಂದರೆ ಇಷ್ಟೇ. ಅದನ್ನು ಪ್ರೋಟೀನ್‌ಗೆ ಅಂಟಿಸುವ ಕಿಣ್ವಗಳಲ್ಲಿ ಇ-ಝಡ್-ಎಚ್-2 ಒಂದು. ಕಣದ ಕೇಂದ್ರದೊಳಗೆ ಕೂತು ಜೀನ್‌ಗಳ ಬಾಯಿ ಮುಚ್ಚಿಸುವುದೇ ಇದರ ಕೆಲಸ ಎಂದು ನಾವು ಓದಿದ್ದೆವು. 2015ರಲ್ಲಿ ಸಿಂಗಾಪುರದ ಸಂಶೋಧಕರು ಬೇರೆಯೇ ಮುಖ ತೋರಿಸಿದರು. ಇದು ಕೇಂದ್ರದ ಹೊರಗೂ ಇದ್ದು, ಟ್ಯಾಲಿನ್‌ಗೆ ಮಿಥೈಲ್ ಅಂಟಿಸುತ್ತದೆ. ಆಗ ಆಕ್ಟಿನ್ ಮೇಲಿನ ಟ್ಯಾಲಿನ್ ಹಿಡಿತ ತಪ್ಪುತ್ತದೆ, ಕಾಲು ಕಿತ್ತು ಬರುತ್ತದೆ. ಈ ಕಿಣ್ವ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಬಿಳಿ ಕಣಗಳಿಗೆ ನಾಳದ ಗೋಡೆ ದಾಟುವುದೇ ಕಷ್ಟವಾಯಿತು. 2,500ಕ್ಕೂ ಜಾಸ್ತಿ ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನ್, ಅದಕ್ಕೆ ಇಷ್ಟು ಪುಟ್ಟ ಗುರುತು! ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಬಿಳಿ ಕಣಗಳಿಗೆ ಅಂಟುವ ಶಕ್ತಿಯೇ ಇಲ್ಲದ ಮಕ್ಕಳೂ ಇದ್ದಾರೆ. ಬಹಳ ಅಪರೂಪದ, ಹುಟ್ಟಿನಿಂದಲೇ ಬರುವ ದೋಷ ಅದು. ರಕ್ತದಲ್ಲಿ ಬಿಳಿ ಕಣ ತುಂಬಿ ತುಳುಕುತ್ತವೆ, ಗಾಯದಲ್ಲಿ ಕೀವೇ ಇರುವುದಿಲ್ಲ. ಮಗುವಿನ ಹೊಕ್ಕುಳ ಬಳ್ಳಿ ತಿಂಗಳಾದರೂ ಬೀಳದಿದ್ದರೆ ದಯವಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ.

ದೇಹದಲ್ಲಿ ಮಿಥೈಲ್ ಪೂರೈಕೆಗೆ ಬಿ12, ಫೋಲಿಕ್ ಆಮ್ಲ ಬೇಕು, ನಿಜ. ಕೊರತೆ ಇದ್ದವರು ತಗೊಳ್ಳಲೇಬೇಕು. ಕೊರತೆ ಇಲ್ಲದವರು ಇಮ್ಯುನಿಟಿ ಹೆಸರಲ್ಲಿ ಸುಮ್ನೆ ಮಾತ್ರೆ ನುಂಗಿದರೆ ಬಿಳಿ ಕಣ ಓಡುವುದಿಲ್ಲ. ಸಕ್ಕರೆ ಕಾಯಿಲೆ ಹಿಡಿತದಲ್ಲಿಡಿ. ರಕ್ತದಲ್ಲಿ ಸಕ್ಕರೆ ಏರಿದರೆ ಈ ಕಣಗಳ ನಡಿಗೆ ಮಂಕಾಗುತ್ತದೆ. ಆ ತಾಯಿಗೆ ನಾನು ಮೊದಲು ಮಾಡಿಸಿದ್ದೂ ಶುಗರ್ ಪರೀಕ್ಷೆಯೇ. ಸರಿಯಾಗಿತ್ತು.

ಪಾದ ಸ್ವಲ್ಪ ಕೊಯ್ದೆ. ಕೀವಿನ ಜೊತೆ ಮುಳ್ಳಿನ ತುದಿ ಹೊರಬಂತು. ಮಗ ಮುಖ ತಿರುಗಿಸಿದ. "ನೋಡಪ್ಪಾ," ಅಂದೆ, "ರಿಪೋರ್ಟ್‌ನಾಗ ನೀ ನೋಡಿದ ಬಿಳಿ ಕಣ ಇವ. ಇಲ್ಲಿತನಕ ನಡಕೊಂಡು ಬಂದು, ಕೆಲಸ ಮುಗಿಸಿ ಸತ್ತಾವ." ಅವನು ಮತ್ತೆ ತಿರುಗಿ, ಟ್ರೇ ಹತ್ತಿರ ಬಗ್ಗಿ ನೋಡಿದ.