ತಾಮ್ರದ ತಗಡಿನ ಮೇಲಿನ ಮುಖಗಳು: ನಾಂತೈ ಭಾವಚಿತ್ರಗಳನ್ನು ನೋಡುವ ಬಗೆ

17ನೇ ಶತಮಾನದ ಫ್ರಾನ್ಸ್‌ನ ಎನ್‌ಗ್ರೇವಿಂಗ್ (ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಅಚ್ಚು ಹಾಕಿದ) ಭಾವಚಿತ್ರ ಸಿಕ್ಕರೆ ಕಣ್ಣು ಸೀದಾ ಮುಖಕ್ಕೇ ಹೋಗುತ್ತದೆ, ಅಲ್ವಾ? ನನ್ನ ಸಲಹೆ, ಅಂಚಿನಿಂದ ಶುರು ಮಾಡಿ. ಮನೆತನ, ಪದವಿಯ ಸಂಗತಿಯೆಲ್ಲ ಬಹುತೇಕ ಅಲ್ಲೇ ಮುಗಿದಿರುತ್ತದೆ. ಮುಖಕ್ಕೆ ಉಳಿಯುವುದು ಸ್ವಭಾವ.

ರೊಬೇರ್ ನಾಂತೈಯನ್ನೇ (1623–1678) ತೆಗೆದುಕೊಳ್ಳೋಣ. 14ನೇ ಲೂಯಿಯ ಆಸ್ಥಾನದ ಕಲಾವಿದ. ಇನ್ನೂರಕ್ಕೂ ಜಾಸ್ತಿ ಭಾವಚಿತ್ರ ಕೊರೆದವನು. ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಸಿಗುವುದು ಒಂದೇ ಮಾದರಿ. ಮೊಟ್ಟೆಯಾಕಾರದ ಚೌಕಟ್ಟು, ಸುತ್ತ ಹೆಸರು ಮತ್ತು ಬಿರುದು, ಕೆಳಗೆ ಕಲ್ಲಿನ ಪೀಠ, ಅಲ್ಲೇ ಮನೆತನದ ಲಾಂಛನ.

ಲಾಂಛನದ ಮೇಲೇನಿದೆ ನೋಡಿ. ಡ್ಯೂಕ್ ಆದರೆ ಎಲೆಗಳ ಕಿರೀಟ, ಕಾರ್ಡಿನಲ್ (ಪೋಪ್‌ಗೆ ನಂತರದ ದೊಡ್ಡ ಪಾದ್ರಿ) ಆದರೆ ಗೊಂಡೆ ಇಳಿಬಿಟ್ಟ ಅಗಲ ಟೊಪ್ಪಿ. ಪಾರಿವಾಳ ಇರುವ ಶಿಲುಬೆ ಕಂಡರೆ ಅದು ಫ್ರಾನ್ಸ್‌ನ ರಾಜ 3ನೇ ಹೆನ್ರಿ 1578ರಲ್ಲಿ ಸ್ಥಾಪಿಸಿದ ‘ಪವಿತ್ರಾತ್ಮ’ ಗೌರವದ ಗುರುತು.

ಪ್ರಿಂಟ್ ಕಪ್ಪು-ಬಿಳುಪು, ಆದರೂ ಲಾಂಛನದ ಬಣ್ಣ ತಿಳಿಯುತ್ತದೆ! ಮೇಲಿಂದ ಕೆಳಕ್ಕೆ ಎಳೆದ ಗೆರೆ ಅಂದರೆ ಕೆಂಪು, ಅಡ್ಡ ಗೆರೆ ನೀಲಿ, ಚುಕ್ಕಿ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. ಪೆತ್ರಾ ಸಾಂಕ್ತಾ ಎಂಬ ಜೆಸ್ವಿಟ್ ಪಾದ್ರಿ 1638ರ ತನ್ನ ಪುಸ್ತಕದಲ್ಲಿ ಬಳಸಿದ ಮೇಲೆ ಈ ಪದ್ಧತಿ ಹರಡಿತು. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ.

ಬಟ್ಟೆ ಬೇಗ ಅರ್ಥವಾಗುತ್ತದೆ: ಸೇನಾಪತಿಗೆ ಉಕ್ಕಿನ ಕವಚ, ನ್ಯಾಯಾಧೀಶನಿಗೆ ನಿಲುವಂಗಿ.

ಈಗ ಮುಖ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಬಟ್ಟೆಯಲ್ಲಿ ಗೆರೆಗಳು ಉದ್ದಕ್ಕೆ ಹರಿಯುತ್ತವೆ. ಉಳಿ ಆಳಕ್ಕಿಳಿದಲ್ಲಿ ಗೆರೆ ದಪ್ಪ, ಮೇಲೆದ್ದಲ್ಲಿ ತೆಳು. ಕೆನ್ನೆಗೆ ಬಂದರೆ ಗೆರೆ ಚಿಕ್ಕ ಚಿಕ್ಕ ಗೀಟುಗಳಾಗಿ ಒಡೆಯುತ್ತದೆ. ಕಣ್ಣಿನ ಕೆಳಗಿನ ಸಡಿಲ ಚರ್ಮ, ತುಟಿಯ ಬಿಗಿ, ಎಲ್ಲ ಆ ಗೀಟುಗಳಲ್ಲೇ. ಸುತ್ತಲಿನ ಮಾದರಿ ಒಂದೇ ಆದ್ದರಿಂದ ಒಬ್ಬರಿಂದ ಇನ್ನೊಬ್ಬರ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಹಲ್ಲು ಬಿಟ್ಟು ನಗುವವರಿಲ್ಲ. ತನ್ನ ಮೇಲೆ ತನಗೇ ಹಿಡಿತವಿರುವುದು ದೊಡ್ಡ ಮನೆತನದ ಲಕ್ಷಣ ಎಂದೇ ಆಗ ಎಣಿಸುತ್ತಿದ್ದರು.

ಕೊನೆಗೆ ಸಹಿ ಬಿಡಬೇಡಿ. ‘ಆದ್ ವಿವುಮ್’ ಎಂದಿದ್ದರೆ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡೇ ಬರೆದದ್ದು. ಆದರೆ ನಾಂತೈ 1657ರಲ್ಲಿ ಕೊರೆದ, ಪೊಂಪೋನ್ ದ ಬೆಲ್ಯೇವ್ರ್ ಎಂಬ ನ್ಯಾಯಾಧೀಶನ ಚಿತ್ರಕ್ಕೆ ಮೂಲ ಲ ಬ್ರಂ ಎಂಬ ಚಿತ್ರಕಾರನ ಕೃತಿ. ಅಂಥ ಕಡೆ ಆ ಗಾಂಭೀರ್ಯ ಚಿತ್ರಕಾರ ಕಂಡದ್ದೋ, ಕೊರೆದವನು ತಂದದ್ದೋ ಎಂದು ಕೇಳಿಕೊಂಡೇ ಟಿಪ್ಪಣಿ ಬರೆಯಿರಿ.