ಸ್ಟಾರ್ ಹಾಕಿದರೆ ಅಕ್ಷರ ದಪ್ಪ

"ನಾಳೆ ಕಾವೇರಿ ನೀರು ಬರಲ್ಲ" ಅಂತ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಹಾಕುವವರು ಸಾಲಿನ ಆಚೆ ಈಚೆ ಒಂದೊಂದು ಸ್ಟಾರ್ ಒತ್ತುತ್ತಾರೆ. ಅಕ್ಷರ ದಪ್ಪ ಆಗುತ್ತದೆ. ಅವರನ್ನೇ ಮಾರ್ಕ್‌ಡೌನ್‌ನಲ್ಲಿ, ಅಂದರೆ ಸ್ಟಾರ್, ಗೀಟಿನಂಥ ಗುರುತುಗಳಿಂದಲೇ ಬರಹದ ರೂಪ ಹೇಳುವ ರೀತಿಯಲ್ಲಿ, ಬರೆಯಿರಿ ಅಂದರೆ, "ಅದೆಲ್ಲ ಸಾಫ್ಟ್‌ವೇರ್ ಜನಕ್ಕೆ ಬಿಡಿ" ಅನ್ನುತ್ತಾರೆ. ಬರೆಯುತ್ತಿರುವುದೇ ಅದರ ತಮ್ಮನನ್ನು ಅಲ್ವಾ!

ಬರಹದ ನಡುವೆಯೇ ಕಂಪ್ಯೂಟರಿಗೆ ಸೂಚನೆ ಕೊಡುವುದು ಹಳೇ ಉಪಾಯ. 1964ರಲ್ಲಿ ಅಮೆರಿಕದ ಎಂಐಟಿಯ ಜೆರೋಮ್ ಸಾಲ್ಟ್ಜರ್ ಬರೆದ ರನ್‌ಆಫ್ ಅನ್ನುವ ಪಠ್ಯ ಜೋಡಿಸುವ ಪ್ರೋಗ್ರಾಮಿನಲ್ಲಿ ಸಾಲಿನ ಮೊದಲಿಗೆ ಚುಕ್ಕಿ ಇಟ್ಟರೆ ಅದು ಆಜ್ಞೆ. ಆಮೇಲೆ ವೆಬ್ ಪುಟಗಳಿಗೆ ಬಂದ ಎಚ್‌ಟಿಎಂಎಲ್‌ನಲ್ಲಿ ಟ್ಯಾಗುಗಳ ಮಧ್ಯೆ ಮಾತು ಹುಡುಕಬೇಕು. 2004ರಲ್ಲಿ ಬ್ಲಾಗ್ ಬರಹಗಾರ ಜಾನ್ ಗ್ರೂಬರ್, ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ನೆರವಿನಿಂದ, ಜನ ಇಮೇಲಿನಲ್ಲಿ ಆಗಲೇ ರೂಢಿ ಮಾಡಿಕೊಂಡಿದ್ದ ಗುರುತುಗಳನ್ನೇ ನಿಯಮ ಮಾಡಿದರು. ಅದೇ ಮಾರ್ಕ್‌ಡೌನ್. ಒತ್ತಿ ಹೇಳುವುದಕ್ಕೆ ಸ್ಟಾರ್, ಪಟ್ಟಿಗೆ ಗೀಟು. ಏನೂ ಸಂಸ್ಕರಿಸದ ಕಚ್ಚಾ ಫೈಲೇ ಸಲೀಸಾಗಿ ಓದುವಂತಿರಬೇಕು ಅನ್ನುವುದು ಅವರ ಹಟ.

ಈ ಹಟದ ಬೆಲೆ ಕನ್ನಡದವರಿಗೆ ಜಾಸ್ತಿ ಗೊತ್ತಾಗಬೇಕು. ಹಳೆಯ ಡಿಟಿಪಿ ಫೈಲುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದಿದ್ದರೆ ಪರದೆ ತುಂಬ ಬರೀ ಗೊಜ್ಜು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ, ಅವನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ರೀತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್. ಸಾದಾ ಪಠ್ಯದ ಫೈಲಿನಲ್ಲಿ ಅಷ್ಟೇ ಇರುತ್ತದೆ, ಯಾವ ನೋಟ್‌ಪ್ಯಾಡಿನಲ್ಲಾದರೂ ತೆರೆಯಿರಿ. ವರ್ಡ್ ಫೈಲಿನ ಹೆಸರಿನ ಕೊನೆಯ .docx ಬಾಲ ಕಿತ್ತು .zip ಅಂತ ಹಾಕಿ ಬಿಚ್ಚಿ ನೋಡಿ. ಒಳಗೆ ಎಷ್ಟು ಫೈಲು!

ನನಗೆ ಖುಷಿ ಕೊಡುವುದು ಮಾತ್ರ ಸ್ಟಾರ್‌ನ ಲೆಕ್ಕಾಚಾರ. ಗ್ರೂಬರ್ ಬಿಟ್ಟಿದ್ದ ಗೊಂದಲಗಳನ್ನು ತೀರಿಸಲು 2014ರಲ್ಲಿ ಬಂದ ಕಾಮನ್‌ಮಾರ್ಕ್ ನಿಯಮದ ಪ್ರಕಾರ, ರಸ್ತೆ ದಾಟುವವರ ಹಾಗೆ ಪ್ರತಿ ಸ್ಟಾರ್‌ಗೂ ಎಡ-ಬಲ ನೋಡಬೇಕು. ಎರಡೂ ಕಡೆ ಖಾಲಿ ಜಾಗ ಇದ್ದರೆ ಅದು ಸುಮ್ನೆ ಸ್ಟಾರ್. ಹಾಗಾಗಿ 5 * 3 ಕೆಡುವುದಿಲ್ಲ. ಬಲಕ್ಕೆ ಅಕ್ಷರ ತಾಗಿದ್ದರೆ ಒತ್ತು ಶುರು ಮಾಡಬಹುದು, ಎಡಕ್ಕೆ ತಾಗಿದ್ದರೆ ಮುಗಿಸಬಹುದು. ಎರಡೂ ಕಡೆ ತಾಗಿದ್ದರೆ? ಸ್ಟಾರ್ ಎರಡಕ್ಕೂ ಸೈ. ಮಾರ್ಕ್‌ಡೌನ್‌ನಲ್ಲಿ ದಪ್ಪಕ್ಕೆ ಎರಡೆರಡು ಸ್ಟಾರ್. ಅದಕ್ಕೇ **ಮಲ್ಲೇಶ್ವರ**ಕ್ಕೆ ಅಂತ ಬರೆದರೆ ಊರು ದಪ್ಪ, ಅಂಟಿದ ಪ್ರತ್ಯಯ ಸಣ್ಣ. ಒತ್ತಿಗೆ ಬಳಸುವ ಇನ್ನೊಂದು ಗುರುತಾದ ಅಡಿಗೆರೆಗೆ (_) ಆ ಸ್ವಾತಂತ್ರ್ಯ ಇಲ್ಲ. _ಮಲ್ಲೇಶ್ವರ_ಕ್ಕೆ ಅಂತ ಬರೆದರೆ ಗೆರೆಗಳು ಹಾಗೇ ಉಳಿಯುತ್ತವೆ. ಪ್ರೋಗ್ರಾಮಿನ ಹೆಸರುಗಳ ನಡುವೆ ಅಡಿಗೆರೆ ಬರುವುದು ಮಾಮೂಲು, ಅವು ಕೆಡಬಾರದು ಅಂತ ಈ ಬಿಗಿ.

ಉದ್ಧರಣ ಚಿಹ್ನೆ ಸೇರಿದರೆ ಸ್ಟಾರ್ ಕೂಡ ಕೈಕೊಡುತ್ತದೆ. **"ಮಲ್ಲೇಶ್ವರ"**ಕ್ಕೆ ಅಂತ ಬರೆದರೆ ದಪ್ಪ ಆಗುವುದಿಲ್ಲ. ಎಡಕ್ಕೆ ಚಿಹ್ನೆ, ಬಲಕ್ಕೆ ಅಕ್ಷರ ಇರುವ ಸ್ಟಾರ್ ಮುಗಿಸುವಂತಿಲ್ಲ. ಪ್ರತ್ಯಯ ಅಂಟುವ ಭಾಷೆಗಳ ನೆನಪು ನಿಯಮ ಬರೆದವರಿಗೆ ಬಂದಂತಿಲ್ಲ. ಚಿಹ್ನೆಯನ್ನು ಸ್ಟಾರ್‌ಗಳ ಹೊರಗೆ ಇಡಿ, ಸರಿಹೋಗುತ್ತದೆ. ಇನ್ನು ೧, ೨ ಅಂತ ಕನ್ನಡ ಅಂಕಿಯಲ್ಲಿ ಪಟ್ಟಿ ಮಾಡುವ ಆಸೆ ಇದ್ದರೆ ಸದ್ಯಕ್ಕೆ ಬಿಡಿ. ಪಟ್ಟಿಗೆ 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಕಾಮನ್‌ಮಾರ್ಕ್ ಒಪ್ಪುತ್ತದೆ.