ಓದುಗರ ಪ್ರಶ್ನೆ: ರೋಮ್‌ನ ಬೀದಿ ನಲ್ಲಿಯ ನೀರನ್ನು ಕುಡಿಯಬಹುದೇ?

“ರೋಮ್‌ಗೆ ಹೊರಟಿದ್ದೇವೆ. ಕುಡಿಯುವ ನೀರಿಗೆ ಏನು ಮಾಡುವುದು? ಬೀದಿ ಬದಿಯಲ್ಲಿ ಹಗಲು ರಾತ್ರಿ ಸುರಿಯುವ ನಲ್ಲಿಗಳ ನೀರನ್ನು ನಂಬಬಹುದೇ?” ಬೇಸಿಗೆ ರಜೆ ಹತ್ತಿರವಾದಂತೆ ಓದುಗರಿಂದ ತಪ್ಪದೆ ಬರುವ ಪ್ರಶ್ನೆಯಿದು. ಪ್ರತಿ ಸಲವೂ ನಾನು ಕೊಡುವ ಉತ್ತರ ಒಂದೇ: ಧಾರಾಳವಾಗಿ ನಂಬಬಹುದು, ಕೈಚೀಲದಲ್ಲಿ ಖಾಲಿ ಬಾಟಲಿಯೊಂದಿದ್ದರೆ ಸಾಕು. ಆದರೂ ಅನುಮಾನ ಹೊತ್ತ ಮರುಪ್ರಶ್ನೆಗಳು ನಿಂತಿಲ್ಲವಾದ್ದರಿಂದ ಈ ಬಾರಿ ಕಾರಣಸಹಿತವಾಗಿ ಬರೆಯುತ್ತಿದ್ದೇನೆ.

ನಗರದ ಉದ್ದಗಲಕ್ಕೂ ಸುಮಾರು 2,500 ನಲ್ಲಿಕಂಬಗಳಿವೆ. ಎರಕದ ಕಬ್ಬಿಣದ, ಸೊಂಟದಿಂದ ತುಸು ಮೇಲಕ್ಕೆ ಬರುವಷ್ಟು ಎತ್ತರದ ಈ ಕಂಬಗಳಿಂದ ಉದ್ದ ಮೂಗಿನಂತೆ ಕೊಳವೆಯೊಂದು ಕೆಳಕ್ಕೆ ಬಾಗಿರುವುದರಿಂದ ಅಲ್ಲಿಯ ಜನ ಇವನ್ನು ನಾಸೋನಿ ಎಂದು ಕರೆಯುತ್ತಾರೆ. ಲೂಯಿಜಿ ಪಿಯಾನ್ಚಾನಿ ಮೇಯರ್ ಆಗಿದ್ದಾಗ, 1874ರಲ್ಲಿ, ಇವನ್ನು ನೆಡುವ ಕೆಲಸ ಆರಂಭವಾಯಿತು. ಮೊದಲ ಮಾದರಿಗಳಲ್ಲಿ ಒಂದೇ ಕೊಳವೆಯ ಬದಲು ಮೂರು ಡ್ರ್ಯಾಗನ್ ತಲೆಗಳಿದ್ದವು. ಅಂಥದ್ದೊಂದು ಪ್ರಾಚೀನ ದೇಗುಲವಾದ ಪ್ಯಾಂಥಿಯಾನ್ ಮುಂದಿನ ಚೌಕದಲ್ಲಿ ಇಂದಿಗೂ ನೀರು ಕೊಡುತ್ತಿದೆ. ರೋಮ್‌ನ ಮನೆಗಳಿಗೆ ನೀರು ಪೂರೈಸುವ ಅಚೆಯಾ ಸಂಸ್ಥೆಯೇ ಈ ನಲ್ಲಿಗಳನ್ನೂ ನೋಡಿಕೊಳ್ಳುತ್ತದೆ. ಮನೆಯೊಳಗೆ ಬರುವ ನೀರೇ ಬೀದಿಯಲ್ಲೂ ಬರುತ್ತದೆ. ಅದರ ಬಹುಪಾಲು ರಿಯೇತಿ ಕಡೆಯ ಬೆಟ್ಟಗಳ ಬುಡದಲ್ಲಿ ಉಕ್ಕುವ ಪೆಸ್ಕಿಯೇರಾ ಚಿಲುಮೆಗಳದ್ದು. ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತದೆ. ಬಗ್ಗದೆ ಕುಡಿಯಲು ಅದೇ ಅನುಕೂಲ.

ಟ್ರೆವಿ, ನವೋನಾ ಚೌಕದಂಥ ಕಡೆಯ ದೊಡ್ಡ ಕಾರಂಜಿಗಳ ಕೊಳದ ನೀರನ್ನು ಮಾತ್ರ ಕುಡಿಯಬಾರದು. ಟ್ರೆವಿಯ ಪಕ್ಕದಲ್ಲೇ ಕುಡಿಯುವುದಕ್ಕೆಂದು ಬೇರೆ ಪುಟ್ಟ ಕಾರಂಜಿಯಿದೆ. ಕೊಲೋಸಿಯಮ್ ಹತ್ತಿರ ಯಂತ್ರವೊಂದು ಸಾದಾ ನೀರನ್ನೂ ಗ್ಯಾಸ್ ಬೆರೆಸಿದ ನೀರನ್ನೂ ಉಚಿತವಾಗಿ ಕೊಡುತ್ತದೆ. ‘ನೋನ್ ಪೊತಾಬಿಲೆ’ (ಕುಡಿಯಲು ಯೋಗ್ಯವಲ್ಲ) ಎಂಬ ಫಲಕವಿರುವ ನಲ್ಲಿಯನ್ನು ಮುಟ್ಟಬೇಡಿ. ಹೋಟೆಲಿನಲ್ಲಿ ಊಟಕ್ಕೆ ಕುಳಿತು ನೀರು ಕೇಳಿದರೆ ಸಾಮಾನ್ಯವಾಗಿ ಬಾಟಲಿ ಬರುತ್ತದೆ, ಬಿಲ್ಲಿನಲ್ಲಿ ಅದರ ಬೆಲೆಯೂ ಸೇರುತ್ತದೆ.

ಇಷ್ಟು ಹೇಳಿದ ಮೇಲೂ ಎದುರಾಗುವ ಆಕ್ಷೇಪ ಒಂದಿದೆ, ಅದು ಬಹಳ ಗಟ್ಟಿಯಾಗಿ ಬೇರೂರಿದೆ. “ಆ ನೀರಿನಲ್ಲಿ ಸುಣ್ಣ ಹೆಚ್ಚು. ತಂಗಿದ್ದ ಕೋಣೆಯ ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟಿತ್ತು. ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ.” ಕೊಳವೆಬಾವಿಯ ಗಡಸು ನೀರಿನೊಂದಿಗೆ ಬದುಕಿದ ನಮ್ಮವರಿಗೆ ಈ ಭಯ ಊರಿನಿಂದಲೇ ಜೊತೆಗೆ ಬಂದಿರುತ್ತದೆ. ಬಿಳಿ ಪದರ ಕಟ್ಟುವುದು ನಿಜ, ಕಲ್ಲಿನ ಮಾತು ನಿಜವಲ್ಲ. ಎರಡನ್ನೂ ಬಿಡಿಸಿ ನೋಡಬೇಕು.

ಸುಣ್ಣಕಲ್ಲಿನ ಬೆಟ್ಟಗಳ ಒಳಗಿಂದ ಹರಿದು ಬರುವ ನೀರು ಕ್ಯಾಲ್ಸಿಯಂ ಬೈಕಾರ್ಬನೇಟನ್ನು ಕರಗಿಸಿಕೊಂಡಿರುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ತಳದಲ್ಲಿ ಉಳಿಯುತ್ತದೆ. ಇದು ಪ್ರಾಚೀನ ರೋಮನ್ನರಿಗೂ ಹೊಸದಾಗಿರಲಿಲ್ಲ: ನಗರಕ್ಕೆ ನೀರು ತರುವ ಕಾಲುವೆಗಳೊಳಗೆ ಕಟ್ಟಿಕೊಳ್ಳುತ್ತಿದ್ದ ಇದೇ ಪದರವನ್ನು ಅವರು ಆಗಾಗ ಕೆರೆದು ತೆಗೆಯಬೇಕಾಗಿತ್ತು. ಕೊಲೋಸಿಯಮ್‌ನ ಹೊರಗೋಡೆಗೆ ಬಳಸಿದ, ತಿವೊಲಿ ಬಳಿಯ ಟ್ರಾವರ್ಟೈನ್ ಕಲ್ಲು ಕೂಡ ಸುಣ್ಣದಂಶದ ಚಿಲುಮೆಗಳು ಕಾಲಾಂತರದಲ್ಲಿ ಇಳಿಸಿದ ಪದರವೇ.

ಆದರೆ ಕೆಟಲ್‌ನಲ್ಲಿ ನಡೆಯುವುದು ಮೂತ್ರಪಿಂಡದಲ್ಲಿ ನಡೆಯುವುದಿಲ್ಲ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದಾದವು, ಅಂದರೆ ಕ್ಯಾಲ್ಸಿಯಂ ಜೊತೆ ಆಹಾರದಲ್ಲೂ ಇರುವ ಆಕ್ಸಲೇಟ್ ಎಂಬ ಪದಾರ್ಥ ಸೇರಿ ಆದವು. ಕೆಟಲಿನ ಕಾರ್ಬನೇಟ್ ಪದರ ಬೇರೆಯೇ ವಸ್ತು. ಆಹಾರದೊಂದಿಗೆ ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಟ್ಟು ಮಲದ ಮೂಲಕ ಹೊರಹಾಕುತ್ತದೆ. ಆದ್ದರಿಂದಲೇ ಇಂದಿನ ವೈದ್ಯರು ಸಾಮಾನ್ಯವಾಗಿ ಕಲ್ಲಿನ ರೋಗಿಗಳಿಗೂ ಹಾಲು, ಮೊಸರನ್ನು ಪೂರ್ತಿ ಬಿಡಲು ಹೇಳುವುದಿಲ್ಲ. ಅವರು ಒತ್ತಿ ಹೇಳುವುದು ಹೆಚ್ಚು ನೀರು ಕುಡಿಯಿರಿ ಎಂದು, ಏಕೆಂದರೆ ಮೂತ್ರ ಗಟ್ಟಿಯಾದಷ್ಟೂ ಹರಳುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಈಗ ಜುಲೈ ತಿಂಗಳ ಬಿಸಿಲಿನಲ್ಲಿ ಪ್ರಾಚೀನ ರೋಮ್‌ನ ಮುಖ್ಯ ಚೌಕವಾಗಿದ್ದ ಫೋರಂನ ಅವಶೇಷಗಳ ನಡುವೆ ಅರ್ಧ ದಿನ ನಡೆದು, ಬೆವರು ಸುರಿಸಿ, ಕಲ್ಲಿನ ಭಯದಿಂದ ಉಚಿತ ನಲ್ಲಿಯನ್ನೂ ಬೆಲೆಯ ಕಾರಣದಿಂದ ಬಾಟಲಿಯನ್ನೂ ಬಿಟ್ಟು ಬಾಯಾರಿಕೆ ತಡೆದುಕೊಳ್ಳುವವರ ಸ್ಥಿತಿಯನ್ನು ಯೋಚಿಸಿ. ಕಲ್ಲಾಗಲು ಬೇಕಾದ ಸ್ಥಿತಿಯನ್ನು ಅವರು ತಾವೇ ತಂದುಕೊಳ್ಳುತ್ತಿದ್ದಾರೆ, ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೂ ಒಂದು ಮಾತು. ಸುಣ್ಣಕ್ಕೆ ಹೆದರಿ ಕೊಳ್ಳುವ ಬಾಟಲಿಯ ಚೀಟಿಯನ್ನು ದಯವಿಟ್ಟು ಓದಿ. ಇಟಲಿಯಲ್ಲಿ ಹೆಸರಾದ ಫೆರಾರೆಲ್ಲೆ ಮಿನರಲ್ ವಾಟರ್‌ನ ಒಂದು ಲೀಟರಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ, ನಲ್ಲಿಯ ನೀರಿನಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು. ಹಾಗೆಯೇ ಕೋಲಾರ, ಪಾವಗಡ ಕಡೆಯ ಫ್ಲೋರೈಡ್ ಸಮಸ್ಯೆಯನ್ನು ಗಡಸುತನದೊಂದಿಗೆ ಬೆರೆಸಬೇಡಿ. ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಬೇರೆ, ಪಾತ್ರೆಯ ತಳದಲ್ಲಿ ಕಾಣುವ ಸುಣ್ಣ ಬೇರೆ. ಮೂತ್ರಪಿಂಡದ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಪ್ರಮಾಣವನ್ನೇ ಪಾಲಿಸಬೇಕು.

ಯಾರೂ ಕೇಳದಿದ್ದರೂ, ನಲ್ಲಿಯ ಮುಂದೆ ನಿಂತ ಪ್ರತಿಯೊಬ್ಬ ಕನ್ನಡಿಗನ ಮನಸ್ಸಿನಲ್ಲಿ ಏಳುವ ಪ್ರಶ್ನೆಯೊಂದಿದೆ: ಇಷ್ಟು ನೀರು ವ್ಯರ್ಥವಾಗಿ ಹರಿಯುತ್ತಿರುವಾಗ ತಿರುಪು ಹಾಕಿ ನಿಲ್ಲಿಸಬಾರದೇ? ನೀರಿಗಾಗಿ ಟ್ಯಾಂಕರ್ ಕಾದವರಿಗೆ ಆ ದೃಶ್ಯ ನೋಯಿಸುವುದು ಸಹಜ. ಆದರೆ ಹರಿವು ಇರುವುದರಿಂದಲೇ ನೀರು ಕೊಳವೆಯಲ್ಲಿ ನಿಂತು ಕೆಡುವುದಿಲ್ಲ, ಬಿಸಿಲಿನಲ್ಲೂ ತಣ್ಣಗೆ ಬರುತ್ತದೆ. ಇದಲ್ಲದೆ, ನೆಲದಡಿಯ ಹಳೆಯ ಕೊಳವೆಗಳು ಸೋರಿ ಆಗುವ ನಷ್ಟದ ಮುಂದೆ ಈ ನಲ್ಲಿಗಳದ್ದು ಬಹಳ ಸಣ್ಣ ಪಾಲು. 2017ರ ಬೇಸಿಗೆಯ ಬರದಲ್ಲಿ ಆಗ ರೋಮ್‌ಗೆ ನೀರು ಒದಗಿಸುತ್ತಿದ್ದ ಬ್ರಚ್ಚಾನೋ ಸರೋವರದ ಮಟ್ಟ ಇಳಿದು ಅಚೆಯಾ ಸಂಸ್ಥೆ ಬೀದಿ ನಲ್ಲಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಾಗ, ಮನೆಯಿಲ್ಲದೆ ಬೀದಿಯಲ್ಲಿ ಬದುಕುವವರು ನೀರಿಗೆ ಎಲ್ಲಿ ಹೋಗಬೇಕು ಎಂಬ ಆಕ್ಷೇಪ ಎದ್ದಿತು. ಆ ಆಕ್ಷೇಪ ನ್ಯಾಯವಾದದ್ದು. ಸೋರುವ ಕೊಳವೆಗಳ ದುರಸ್ತಿಯೇ ಮೊದಲು ಆಗಬೇಕಾದ ಕೆಲಸ, ದಾರಿಹೋಕರ ನಲ್ಲಿಗೆ ಬೀಗ ಹಾಕುವುದು ಕೊನೆಯದು.